ಮನೆಯಲ್ಲೇ ಕಟ್ಟುವ ಹ್ಯಾಮ್ ರೇಡಿಯೋ ಆಂಪ್ಲಿಫೈಯರ್‌ಗೆ ಯಾವ ವಾಲ್ವ್? ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರು, ಶಿರಾ, ಮಧುಗಿರಿ, ತಿಪಟೂರು ಕಡೆಯ ಹ್ಯಾಮ್‌ಗಳು (ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೋದವರು) ಲೀನಿಯರ್, ಅಂದರೆ ಸಿಗ್ನಲ್ ಕೆಡಿಸದೆ ಪವರ್ ಹೆಚ್ಚಿಸುವ ಆಂಪ್ಲಿಫೈಯರ್, ಕಟ್ಟೋಕೆ ಹೊರಟಾಗ ಮೊದಲು ಕೇಳುವುದೇ ವಾಲ್ವ್ (ಎಲೆಕ್ಟ್ರಾನ್ ಟ್ಯೂಬ್) ಬಗ್ಗೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುತ್ತಿದ್ದುದನ್ನು ಇಲ್ಲಿ ಒಂದೇ ಕಡೆ ಬರೆದಿಟ್ಟಿದ್ದೇನೆ. ಬೇರೆ ಹೇಳದಿದ್ದ ಕಡೆಯೆಲ್ಲ ಇದು 80ರಿಂದ 10 ಮೀಟರ್‌ವರೆಗಿನ ಎಚ್‌ಎಫ್ (ಶಾರ್ಟ್ ವೇವ್) ಬ್ಯಾಂಡ್‌ಗಳಿಗೆ, ಎಸ್‌ಎಸ್‌ಬಿ (ಮಾತು) ಮತ್ತು ಸಿಡಬ್ಲ್ಯುಗೆ (ಮೋರ್ಸ್) ಅನ್ವಯಿಸುತ್ತದೆ.

ನನ್ನ ರಿಗ್ (ರೇಡಿಯೋ ಸೆಟ್) 100 ವ್ಯಾಟ್ ಕೊಡುತ್ತೆ. ಆಂಪ್ಲಿಫೈಯರ್ ನಿಜವಾಗಲೂ ಬೇಕಾ?

ಲೆಕ್ಕ ಹಾಕಿ ನೋಡಿ. 100 ವ್ಯಾಟ್‌ನಿಂದ 400ಕ್ಕೆ ಹೋದರೆ ಸಿಗುವುದು 6 ಡೆಸಿಬೆಲ್, ಅಂದರೆ ಆ ಕಡೆಯವರ ಮೀಟರಿನಲ್ಲಿ ಒಂದು ಎಸ್ ಯೂನಿಟ್. ನಿಮ್ಮ ಡೈಪೋಲ್ (ತಂತಿಯ ಆಂಟೆನಾ) ಮಹಡಿಯ ಪ್ಯಾರಾಪೆಟ್ ಮೇಲೆ ಒರಗಿಕೊಂಡಿದ್ದರೆ, ಅದನ್ನು ಎರಡು ತೆಂಗಿನ ಮರದ ತಲೆಗೆ ಕಟ್ಟಿ ಹತ್ತು ಹನ್ನೆರಡು ಮೀಟರ್ ಎತ್ತರಿಸಿ. ಬಹಳಷ್ಟು ಸಲ ಇಷ್ಟೇ ಲಾಭ ಖರ್ಚಿಲ್ಲದೆ ಬರುತ್ತದೆ, ಕೇಳುವುದೂ ಸುಧಾರಿಸುತ್ತದೆ. ಆಂಪ್ಲಿಫೈಯರ್ ಕೇಳುವುದಕ್ಕೆ ಏನೂ ಮಾಡುವುದಿಲ್ಲ. ಪಕ್ಕದ ಮನೆಯ ಎಲ್‌ಇಡಿ ಬಲ್ಬು, ಸೋಲಾರ್ ಇನ್ವರ್ಟರ್‌ಗಳ ಗದ್ದಲ ನಿಮ್ಮ ಮೀಟರಿನಲ್ಲಿ ಎಸ್7ರಷ್ಟು ಜೋರಾಗಿ ಕೂತಿದ್ದರೆ ಮೊದಲು ಅದನ್ನು ನೋಡಿಕೊಳ್ಳಿ.

ಇದೆಲ್ಲ ಆದ ಮೇಲೂ 40 ಮೀಟರ್‌ನಲ್ಲಿ ಸಂಜೆ ಹೊತ್ತು ಗದ್ದಲದೊಳಗೆ ಮುಳುಗಿಹೋಗುತ್ತಿದ್ದೀರಿ ಅಂದರೆ ಆ ಒಂದು ಎಸ್ ಯೂನಿಟ್‌ಗೆ ಬೆಲೆ ಇದೆ. ಅರ್ಧ ಮಾತು ಕೇಳಿಸುತ್ತಿದ್ದವರಿಗೆ ಪೂರ್ತಿ ಕೇಳಿಸುತ್ತದೆ. ಆಗ ಖಂಡಿತ ಕಟ್ಟಿ.

ಎಷ್ಟು ವ್ಯಾಟ್‌ವರೆಗೆ ಕಟ್ಟಬಹುದು?

ನಮ್ಮ ದೇಶದ ಹ್ಯಾಮ್ ಲೈಸೆನ್ಸ್‌ನಲ್ಲಿ ಜನರಲ್ ದರ್ಜೆಯವರಿಗೆ ಎಚ್‌ಎಫ್‌ನಲ್ಲಿ 400 ವ್ಯಾಟ್, ರಿಸ್ಟ್ರಿಕ್ಟೆಡ್ ದರ್ಜೆಯವರಿಗೆ 50 ವ್ಯಾಟ್. ನಿಮ್ಮ ಲೈಸೆನ್ಸ್ ಪುಸ್ತಕದ ಷರತ್ತುಗಳನ್ನು ತೆಗೆದು ಓದಿ, ಅದರಂತೆ ನಡೆಯಿರಿ. ವಿದೇಶದ ಪುಸ್ತಕಗಳಲ್ಲಿ ಕಾಣುವ ಕಿಲೋವ್ಯಾಟ್ ಡಿಸೈನ್‌ಗಳು ನಮಗಲ್ಲ. ಈ ಮಿತಿಯಿಂದ ಕಟ್ಟುವವನಿಗೆ ಒಳ್ಳೆಯದೇ ಆಗಿದೆ: ಎರಡು ಸಾವಿರ ವೋಲ್ಟ್ ಒಳಗೇ, ಗಾಜಿನ ವಾಲ್ವ್‌ನಲ್ಲೇ, ಒಬ್ಬರೇ ಎತ್ತಬಹುದಾದ ಟ್ರಾನ್ಸ್‌ಫಾರ್ಮರ್‌ನಲ್ಲೇ ಕೆಲಸ ಮುಗಿಯುತ್ತದೆ.

ಈ ಕಾಲದಲ್ಲೂ ವಾಲ್ವ್ ಯಾಕೆ ಸಾರ್? ಎಲ್‌ಡಿಮಾಸ್ ಟ್ರಾನ್ಸಿಸ್ಟರ್ ಬಂದಿದೆಯಲ್ಲ?

ಬಂದಿದೆ, ಚೆನ್ನಾಗಿಯೂ ಇದೆ. ಆದರೆ ಒಂದು ಕ್ಷಣದ ತಪ್ಪಿಗೆ ಟ್ರಾನ್ಸಿಸ್ಟರ್ ಹೋಗಿಬಿಡುತ್ತದೆ. ಆಂಟೆನಾ ಕಿತ್ತುಹೋದರೂ, ಟ್ಯೂನಿಂಗ್ ತಪ್ಪಿದರೂ ವಾಲ್ವ್ ತನ್ನ ಪ್ಲೇಟ್ (ಒಳಗೆ ಎಲೆಕ್ಟ್ರಾನ್ ಬಂದು ಸೇರುವ ಲೋಹದ ತಗಡು) ಕೆಂಪಗೆ ಮಾಡಿಕೊಂಡು ಕೆಲವು ಸೆಕೆಂಡಾದರೂ ತಡೆದುಕೊಳ್ಳುತ್ತದೆ. ನಿಮಗೆ ಕೈ ತೆಗೆಯಲು ಸಮಯ ಸಿಗುತ್ತದೆ. ಮೊದಲ ಸಲ ಕಟ್ಟುವವರಿಗೆ ಇದು ದೊಡ್ಡ ವಿಷಯ. ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ಗೆ ಬ್ಯಾಂಡಿಗೊಂದು ಲೋ-ಪಾಸ್ ಫಿಲ್ಟರ್, ರಕ್ಷಣೆಯ ಸರ್ಕ್ಯೂಟ್ ಎಲ್ಲ ಬೇಕು. ವಾಲ್ವ್‌ನಲ್ಲಿ ಒಂದು ಪೈ-ನೆಟ್‌ವರ್ಕ್ (ಎರಡು ಕಂಡೆನ್ಸರ್, ಒಂದು ಕಾಯಿಲ್) ಆಂಟೆನಾಗೆ ಹೊಂದಿಸುವುದರ ಜೊತೆಗೆ ಹಾರ್ಮೋನಿಕ್ (ಎರಡು, ಮೂರರಷ್ಟು ಫ್ರೀಕ್ವೆನ್ಸಿಯ ಬೇಡದ ಸಿಗ್ನಲ್) ತಗ್ಗಿಸುವ ಕೆಲಸವನ್ನೂ ಬಹುಮಟ್ಟಿಗೆ ಮಾಡಿಬಿಡುತ್ತದೆ. ಬದಲಿಗೆ ವಾಲ್ವ್ ಕೇಳುವುದು ಹೈ ವೋಲ್ಟೇಜ್. ಅದಕ್ಕೆ ಕೊಡಬೇಕಾದ ಮರ್ಯಾದೆ ಬಗ್ಗೆ ಕೆಳಗೆ ಬರೆದಿದ್ದೇನೆ, ಬಿಡದೆ ಓದಿ.

ವಾಲ್ವ್ ಆರಿಸೋದನ್ನ ಎಲ್ಲಿಂದ ಶುರು ಮಾಡಬೇಕು?

ಟ್ರಾನ್ಸ್‌ಫಾರ್ಮರ್‌ನಿಂದ. ಇಡೀ ಪುಟದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಬಹಳ ಜನ ಎಲ್ಲೋ ಸಿಕ್ಕ ಒಂದು ಚೆಂದದ ವಾಲ್ವ್ ತಂದು ಶೋಕೇಸ್‌ನಲ್ಲಿಟ್ಟು, ಅದಕ್ಕೆ 3000 ವೋಲ್ಟ್ ಟ್ರಾನ್ಸ್‌ಫಾರ್ಮರ್ ಹುಡುಕುತ್ತಾ ವರ್ಷ ಕಳೆಯುತ್ತಾರೆ. ವಾಲ್ವ್ ಇವತ್ತಿಗೂ ಸಿಗುತ್ತದೆ. ಸರಿಯಾದ ಹೈ ವೋಲ್ಟೇಜ್ ಟ್ರಾನ್ಸ್‌ಫಾರ್ಮರ್, ಫಿಲಮೆಂಟ್‌ಗೆ (ವಾಲ್ವ್ ಒಳಗೆ ಕಾದು ಉರಿಯುವ ತಂತಿ) ಬೇಕಾದ ಟ್ರಾನ್ಸ್‌ಫಾರ್ಮರ್, ಸಾಕೆಟ್ ಮತ್ತು ತಗಡುಗಳ ನಡುವೆ ಅಗಲ ಅಂತರ ಇರುವ ವೇರಿಯಬಲ್ ಕಂಡೆನ್ಸರ್, ಈ ನಾಲ್ಕು ಸಿಗುವುದೇ ಕಷ್ಟ. ನಿಮ್ಮ ಕೈಲಿರುವ ಅಥವಾ ಸುತ್ತಿಸಬಹುದಾದ ಟ್ರಾನ್ಸ್‌ಫಾರ್ಮರ್ ಎಷ್ಟು ವೋಲ್ಟ್, ಎಷ್ಟು ಮಿಲಿಆಂಪಿಯರ್ ಕೊಡುತ್ತೆ ಅಂತ ನೋಡಿ. ಅದಕ್ಕೆ ಒಗ್ಗುವ ವಾಲ್ವ್ ಯಾವುದೋ ಅದೇ ನಿಮ್ಮ ವಾಲ್ವ್.

ಜೊತೆಗೆ ನಿಮ್ಮ ರಿಗ್ ಎಷ್ಟು ವ್ಯಾಟ್ ಡ್ರೈವ್ (ಆಂಪ್ಲಿಫೈಯರ್ ಒಳಗೆ ಹೋಗುವ ಪವರ್) ಕೊಡುತ್ತದೆ, ನಿಮ್ಮೂರಿನ ಕರೆಂಟ್ ಹೇಗೆ ಏರಿಳಿಯುತ್ತದೆ, ಇವೆರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಒಂದು ವಾಲ್ವ್‌ನಿಂದ ಎಷ್ಟು ವ್ಯಾಟ್ ತೆಗೆಯಬಹುದು ಅಂತ ತಿಳಿಯೋದು ಹೇಗೆ?

ಡೇಟಾಶೀಟ್‌ನಲ್ಲಿ ಪ್ಲೇಟ್ ಡಿಸಿಪೇಶನ್ ನೋಡಿ. ಪ್ಲೇಟಿನ ಮೇಲೆ ಎಷ್ಟು ವ್ಯಾಟ್ ಶಾಖ ತಡೆಯುತ್ತದೆ ಅನ್ನುವ ಅಂಕಿ ಅದು. ಎಬಿ ಕ್ಲಾಸ್ ಲೀನಿಯರ್‌ನ ದಕ್ಷತೆ ಶೇಕಡಾ 60 ಅಂತ ಇಟ್ಟುಕೊಳ್ಳಿ. 400 ವ್ಯಾಟ್ ಹೊರಗೆ ಬರಬೇಕಾದರೆ ಸುಮಾರು 670 ವ್ಯಾಟ್ ಒಳಗೆ ಹೋಗಬೇಕು, ಉಳಿದ 270 ವ್ಯಾಟ್ ಪ್ಲೇಟ್‌ನಲ್ಲಿ ಶಾಖವಾಗುತ್ತದೆ. 811ಎ ವಾಲ್ವ್‌ಗೆ 65 ವ್ಯಾಟ್ ಡಿಸಿಪೇಶನ್. ನಾಲ್ಕು ಹಾಕಿದರೆ 260, ಅಂಚಿಗೆ ಬಂತು. 572ಬಿಗೆ 160 ವ್ಯಾಟ್. ಎರಡು ಹಾಕಿದರೆ 320, ಆರಾಮ. 3-500ಝಡ್ ಒಂದೇ 500 ವ್ಯಾಟ್ ತಡೆಯುತ್ತದೆ.

ಮಾತಾಡುವಾಗ ಸರಾಸರಿ ಪವರ್ ಕಡಿಮೆ ಇರುವುದರಿಂದ ಎಸ್‌ಎಸ್‌ಬಿಯಲ್ಲಿ ಸ್ವಲ್ಪ ಎಳೆಯಬಹುದು. ಎಫ್‌ಟಿ8ನಂಥ ಡಿಜಿಟಲ್ ಮೋಡ್ ಮಾಡುವವರು ಎಳೆಯಬಾರದು. ಸುಮಾರು ಹದಿಮೂರು ಸೆಕೆಂಡ್ ಪೂರ್ತಿ ಪವರ್ ಹೋಗುತ್ತಲೇ ಇರುತ್ತದೆ.

ತಾತನ ಕಾಲದ ಮೈಕ್‌ಸೆಟ್ ಅಂಗಡಿಯಲ್ಲಿ ನಾಲ್ಕು 807 ಸಿಕ್ಕಿವೆ. ಉಪಯೋಗ ಇದೆಯಾ?

ಇದೆ. ಎರಡನೇ ಮಹಾಯುದ್ಧದ ಮಿಲಿಟರಿ ಸೆಟ್‌ಗಳಲ್ಲಿ ಲೆಕ್ಕವಿಲ್ಲದಷ್ಟು 807 ಇದ್ದವು. ಯುದ್ಧ ಮುಗಿದ ಮೇಲೆ ಡಿಸ್ಪೋಸಲ್‌ನಲ್ಲಿ ಬಂದದ್ದು ಹ್ಯಾಮ್‌ಗಳ ಕೈಗೂ, ಮೈಕ್‌ಸೆಟ್ ಆಂಪ್ಲಿಫೈಯರ್‌ಗಳಿಗೂ ಹೋಯಿತು. ಜಾತ್ರೆ, ಮದುವೆಗೆ ಹಾರ್ನ್ ಕಟ್ಟುತ್ತಿದ್ದ ಹಳೇ ಅಂಗಡಿಗಳ ಅಟ್ಟದಲ್ಲಿ ಇವತ್ತಿಗೂ ಸಿಗುತ್ತವೆ.

6.3 ವೋಲ್ಟ್, 0.9 ಆಂಪಿಯರ್ ಹೀಟರ್. ಐದು ಪಿನ್ ಬೇಸ್, ತಲೆಯ ಮೇಲೆ ಪ್ಲೇಟ್ ಕ್ಯಾಪ್. ಬಿಟ್ಟುಬಿಟ್ಟು ನಡೆಸುವ ಹವ್ಯಾಸಿ ಬಳಕೆಗೆ 750 ವೋಲ್ಟ್, 30 ವ್ಯಾಟ್ ಡಿಸಿಪೇಶನ್. ಎರಡರಿಂದ 90 ವ್ಯಾಟ್ ಆಸುಪಾಸು, ನಾಲ್ಕರಿಂದ 180 ವ್ಯಾಟ್ ಬರುತ್ತದೆ. ಆದರೆ ಈ ವಾಲ್ವ್‌ಗೆ ವಿಎಚ್‌ಎಫ್‌ನಲ್ಲಿ (30 ಮೆಗಾಹರ್ಟ್ಸ್ ಮೇಲೆ) ತಾನೇ ಆಸಿಲೇಟ್ ಆಗುವ, ಅಂದರೆ ತಾನೇ ಸಿಗ್ನಲ್ ಹುಟ್ಟಿಸುವ ಚಟ. ಪ್ರತಿ ಪ್ಲೇಟ್ ಕ್ಯಾಪ್ ಹತ್ತಿರ ಪ್ಯಾರಾಸಿಟಿಕ್ ಸಪ್ರೆಸರ್ (ಅದನ್ನು ತಡೆಯುವ ಸಣ್ಣ ಕಾಯಿಲ್ ಮತ್ತು ರೆಸಿಸ್ಟರ್), ಪ್ರತಿ ಗ್ರಿಡ್‌ಗೆ (ಪ್ಲೇಟ್ ಕರೆಂಟನ್ನು ಹತೋಟಿಯಲ್ಲಿಡುವ ಜಾಲರಿ) ಸಣ್ಣ ರೆಸಿಸ್ಟರ್ ಹಾಕಲೇಬೇಕು. ನಾಲ್ಕನ್ನೂ ಒಟ್ಟಿಗೆ ಹಾಕುವ ಆಸೆ ಬಿಟ್ಟು ಎರಡರಿಂದ ಶುರು ಮಾಡಿ, ಉಳಿದೆರಡು ಸ್ಪೇರ್ ಆಗಿರಲಿ.

ನನ್ನದು ರಿಸ್ಟ್ರಿಕ್ಟೆಡ್ ಲೈಸೆನ್ಸ್, ಬಿಟ್‌ಎಕ್ಸ್ ಥರದ 10 ವ್ಯಾಟ್ ರಿಗ್ ಇದೆ. ನನಗೆ ಯಾವುದು?

ಹೈದರಾಬಾದಿನ ಅಶ್ಹರ್ ಫರ್ಹಾನ್ ಅವರ ಬಿಟ್‌ಎಕ್ಸ್ ನಮ್ಮ ದೇಶದಲ್ಲಿ ಎಷ್ಟೋ ಜನರ ಮೊದಲ ರಿಗ್. ನಿಮಗೆ ಒಂದೇ ಒಂದು 6146ಬಿ ಸಾಕು. 6.3 ವೋಲ್ಟ್ ಹೀಟರ್, ಸಾಮಾನ್ಯ ಆಕ್ಟಲ್ (ಎಂಟು ಪಿನ್) ಸಾಕೆಟ್, 35 ವ್ಯಾಟ್ ಡಿಸಿಪೇಶನ್. 600ರಿಂದ 750 ವೋಲ್ಟ್ ಕೊಟ್ಟರೆ 50 ವ್ಯಾಟ್ ಸಲೀಸು.

ಇಲ್ಲಿ ಗಮನಿಸಬೇಕಾದ್ದು ಡ್ರೈವ್. ಗ್ರಿಡ್ ನೆಲಕ್ಕೆ ಕಟ್ಟಿ ಫಿಲಮೆಂಟ್ ಕಡೆಯಿಂದ ಸಿಗ್ನಲ್ ಕೊಡುವ ಗ್ರೌಂಡೆಡ್ ಗ್ರಿಡ್ ಸರ್ಕ್ಯೂಟ್‌ಗೆ ಡ್ರೈವ್ ಜಾಸ್ತಿ ಬೇಕು, ಸಿಗುವ ಗೇನ್ ಹತ್ತು ಡೆಸಿಬೆಲ್ ಆಸುಪಾಸು. ಅದು 50, 100 ವ್ಯಾಟ್ ರಿಗ್ ಇದ್ದವರ ದಾರಿ. ಹತ್ತು ವ್ಯಾಟ್ ಇರುವವರು ಗ್ರಿಡ್‌ಗೇ ಡ್ರೈವ್ ಕೊಡುವ ಟೆಟ್ರೋಡ್ (ಸ್ಕ್ರೀನ್ ಅನ್ನುವ ಎರಡನೇ ಗ್ರಿಡ್ ಇರುವ ವಾಲ್ವ್) ಸರ್ಕ್ಯೂಟ್ ಕಟ್ಟಬೇಕು. 1:4 ಬ್ರಾಡ್‌ಬ್ಯಾಂಡ್ ಟ್ರಾನ್ಸ್‌ಫಾರ್ಮರ್ ಹಾಕಿ ಗ್ರಿಡ್‌ನಿಂದ ನೆಲಕ್ಕೆ ಒಂದು 200 ಓಮ್ ನಾನ್-ಇಂಡಕ್ಟಿವ್ ರೆಸಿಸ್ಟರ್ ಕೊಡಿ. 10 ವ್ಯಾಟ್‌ಗೆ ಆ ರೆಸಿಸ್ಟರ್ ಮೇಲೆ 63 ವೋಲ್ಟ್ ಪೀಕ್ ಬರುತ್ತದೆ. 50 ವೋಲ್ಟ್ ಆಸುಪಾಸು ನೆಗೆಟಿವ್ ಬಯಾಸ್ (ಗ್ರಿಡ್‌ಗೆ ಸದಾ ಕೊಟ್ಟಿರುವ ವೋಲ್ಟೇಜ್) ಇರುವ 6146ಬಿಗೆ ಸಾಕಾಗಿ ಮಿಗುತ್ತದೆ. ಆ ರೆಸಿಸ್ಟರ್ ಇರುವುದರಿಂದ ರಿಗ್‌ಗೆ ಎಲ್ಲ ಬ್ಯಾಂಡ್‌ನಲ್ಲೂ ಹೆಚ್ಚು ಕಡಿಮೆ ಒಂದೇ ಲೋಡ್ ಕಾಣುತ್ತದೆ, ಆಂಪ್ಲಿಫೈಯರ್ ಕೂಡ ಆಸಿಲೇಟ್ ಆಗದೆ ತಣ್ಣಗಿರುತ್ತದೆ.

ಟ್ರಯೋಡ್ ಒಳ್ಳೆಯದಾ, ಟೆಟ್ರೋಡ್ ಒಳ್ಳೆಯದಾ?

100 ವ್ಯಾಟ್ ರಿಗ್ ಇದ್ದರೆ ಟ್ರಯೋಡ್ (ಒಂದೇ ಗ್ರಿಡ್ ಇರುವ ವಾಲ್ವ್), ಗ್ರೌಂಡೆಡ್ ಗ್ರಿಡ್. ಸ್ಕ್ರೀನ್ ಸಪ್ಲೈ ಇಲ್ಲ, ಬಯಾಸ್ ಹೆಚ್ಚುಕಡಿಮೆ ಇಲ್ಲ, ಗ್ರಿಡ್ ನೇರ ಚಾಸಿಗೆ (ಲೋಹದ ಪೆಟ್ಟಿಗೆಗೆ). ಟೆಟ್ರೋಡ್‌ಗೆ ಅಳ್ಳಾಡದ ಸ್ಕ್ರೀನ್ ವೋಲ್ಟೇಜ್ ಬೇಕು. ಪ್ಲೇಟ್ ವೋಲ್ಟೇಜ್ ಇಲ್ಲದಾಗ ಸ್ಕ್ರೀನ್‌ಗೆ ವೋಲ್ಟೇಜ್ ಹೋದರೆ ಪ್ಲೇಟ್ ಕೆಲಸವನ್ನೆಲ್ಲ ಸ್ಕ್ರೀನ್ ಹೊತ್ತು ಸುಟ್ಟುಹೋಗುತ್ತದೆ. ಅದನ್ನು ತಡೆಯುವ ರಿಲೇ ಸರ್ಕ್ಯೂಟ್ ಕಟ್ಟಲು ಬಂದರೆ ಟೆಟ್ರೋಡ್ ಮುಟ್ಟಿ.

811ಎ ಮತ್ತು 572ಬಿ, ಇವೆರಡರಲ್ಲಿ?

ಎರಡೂ ಒಂದೇ ನಾಲ್ಕು ಪಿನ್ ಸಾಕೆಟ್‌ಗೆ ಕೂರುತ್ತವೆ, ಎರಡಕ್ಕೂ 6.3 ವೋಲ್ಟ್, 4 ಆಂಪಿಯರ್ ಫಿಲಮೆಂಟ್. 811ಎ 1500 ವೋಲ್ಟ್‌ವರೆಗೆ, 572ಬಿ 2750ರವರೆಗೆ. ಬೆಲೆ ಕಡಿಮೆ 811ಎಗೆ, ಗಟ್ಟಿತನ 572ಬಿಗೆ. 811ಎ ಕಿತ್ತು 572ಬಿ ಹಾಕಿದ ಮಾತ್ರಕ್ಕೆ ಔಟ್‌ಪುಟ್ ಹೆಚ್ಚುವುದಿಲ್ಲ, ಟ್ರಾನ್ಸ್‌ಫಾರ್ಮರ್ ಅದೇ ತಾನೇ ಇರುವುದು. ಹೆಚ್ಚುವುದು ತಪ್ಪು ಟ್ಯೂನಿಂಗ್ ತಾಳುವ ಶಕ್ತಿ.

ನಾಲ್ಕು 811ಎ ಹಾಕಿದರೆ ಫಿಲಮೆಂಟ್ ಕರೆಂಟ್ 16 ಆಂಪಿಯರ್ ಆಗುತ್ತದೆ ಅನ್ನುವುದನ್ನು ಮರೆಯಬೇಡಿ. ಆ ಕರೆಂಟ್ ಪೂರ್ತಿ ಫಿಲಮೆಂಟ್ ಚೋಕ್ (ರೇಡಿಯೋ ಸಿಗ್ನಲ್ ತಡೆಯುವ ಕಾಯಿಲ್) ಮೂಲಕ ಹೋಗಬೇಕು. ಹಳೇ ಮೀಡಿಯಂ ವೇವ್ ರೇಡಿಯೋಗಳ ಫೆರೈಟ್ ರಾಡ್‌ಗಳನ್ನು ಜೋಡಿಸಿ ಕಟ್ಟಿ, ಅದರ ಮೇಲೆ 14 ಗೇಜ್ ಎನಾಮಲ್ ವೈರ್ ಎರಡೆಳೆ ಸೇರಿಸಿ ಸುತ್ತಿದರೆ ಚೆನ್ನಾಗಿ ನಡೆಯುತ್ತದೆ. 1500 ವೋಲ್ಟ್‌ನಲ್ಲಿ ನಡೆಸುವಾಗ ಒಂದು 4.7 ವೋಲ್ಟ್ ಪವರ್ ಜೀನರ್‌ನಿಂದ ಬಯಾಸ್ ಕೊಡಿ, ಸುಮ್ಮನೆ ಕೂತಾಗಿನ ಬಿಸಿ ಇಳಿಯುತ್ತದೆ.

ಜನರಲ್ ಲೈಸೆನ್ಸ್, 100 ವ್ಯಾಟ್ ರಿಗ್, ಮೊದಲ ಲೀನಿಯರ್ ಅನ್ನುವವರಿಗೆ ನಾನು ಹೇಳುವುದು ಎರಡು 572ಬಿ. ಅಷ್ಟು ದುಡ್ಡಿಲ್ಲದಿದ್ದರೆ ಮೂರು 811ಎ ಹಾಕಿ 300 ವ್ಯಾಟ್‌ಗೆ ನಿಲ್ಲಿಸಿ. 300ಕ್ಕೂ 400ಕ್ಕೂ ಇರುವ ವ್ಯತ್ಯಾಸ ಒಂದೂಕಾಲು ಡೆಸಿಬೆಲ್ ಮಾತ್ರ.

813 ಬಗ್ಗೆ ಹಿರಿಯರೆಲ್ಲ ಹೊಗಳುತ್ತಾರೆ. ನಿಜವಾಗಿ ಅಷ್ಟು ಒಳ್ಳೆಯದಾ?

ಹೊಗಳಿಕೆಗೆ ತಕ್ಕ ವಾಲ್ವ್ ಅದು. 1930ರ ದಶಕದ ಕೊನೆಯಲ್ಲಿ ಬಂದದ್ದು. ಗೇಣುದ್ದ ಗಾಜು, ಒಳಗೆ ದೊಡ್ಡ ಪ್ಲೇಟ್. 10 ವೋಲ್ಟ್, 5 ಆಂಪಿಯರ್ ಥೋರಿಯಂ ಫಿಲಮೆಂಟ್ ಹಳದಿ ಬೆಳಕು ಚೆಲ್ಲುತ್ತಾ ಉರಿಯುತ್ತದೆ. ಹವ್ಯಾಸಿ ಬಳಕೆಗೆ 125 ವ್ಯಾಟ್ ಡಿಸಿಪೇಶನ್. ಬ್ಲೋವರ್ ಬೇಡ, ಸುತ್ತ ಗಾಳಿ ಆಡಿದರೆ ಸಾಕು. ಕಂಟ್ರೋಲ್ ಗ್ರಿಡ್, ಸ್ಕ್ರೀನ್ ಎಲ್ಲವನ್ನೂ ನೆಲಕ್ಕೆ ಕಟ್ಟಿ ಟ್ರಯೋಡ್‌ನಂತೆ ನಡೆಸಬಹುದು. 2000 ವೋಲ್ಟ್‌ನಲ್ಲಿ ಎರಡು ಹಾಕಿದರೆ 350 ವ್ಯಾಟ್ ಮೇಲೆ ಬರುತ್ತದೆ. ರಷ್ಯದ ಜಿಯು-13 ಇದರದೇ ಜೋಡಿ.

ಆದರೆ 10 ಮೀಟರ್ ಬ್ಯಾಂಡ್ ಬೇಕೆನ್ನುವವರು ಒಂದು ಲೆಕ್ಕ ನೋಡಬೇಕು. 2000 ವೋಲ್ಟ್, 300 ಮಿಲಿಆಂಪಿಯರ್‌ಗೆ ಪ್ಲೇಟ್ ಲೋಡ್ ಸುಮಾರು 3900 ಓಮ್. ಪೈ-ನೆಟ್‌ವರ್ಕ್‌ನ ಕ್ಯು (ಟ್ಯೂನಿಂಗ್ ಎಷ್ಟು ಚೂಪು ಅನ್ನುವ ಅಂಕಿ) 12 ಇಟ್ಟರೆ 28.5 ಮೆಗಾಹರ್ಟ್ಸ್‌ನಲ್ಲಿ ಪ್ಲೇಟ್ ಕಡೆ ಬೇಕಾದ ಕೆಪಾಸಿಟೆನ್ಸ್ 17 ಪಿಕೋಫ್ಯಾರಡ್. ಒಂದು 813ರ ಔಟ್‌ಪುಟ್ ಕೆಪಾಸಿಟೆನ್ಸ್ ಸುಮಾರು 14, ಎರಡಕ್ಕೆ 28. ಅಂದರೆ ಟ್ಯೂನಿಂಗ್ ಕಂಡೆನ್ಸರ್ ಪೂರ್ತಿ ತೆರೆಯುವ ಮೊದಲೇ ವಾಲ್ವ್‌ಗಳೇ ಲೆಕ್ಕ ಮೀರಿಸಿರುತ್ತವೆ. ಕ್ಯು ಏರುತ್ತದೆ, ಕಾಯಿಲ್ ಬಿಸಿಯಾಗುತ್ತದೆ, ಪವರ್ ಅಲ್ಲೇ ಸೋರಿಹೋಗುತ್ತದೆ. ವಾಲ್ವ್ ಒಂದೇ ಮಾಡಿದರೂ ಇದು ತಪ್ಪುವುದಿಲ್ಲ, ಲೋಡ್ ಓಮ್ ಎರಡರಷ್ಟಾಗಿ ಬೇಕಾದ ಕೆಪಾಸಿಟೆನ್ಸ್ ಅರ್ಧಕ್ಕಿಳಿಯುತ್ತದೆ.

ನಾಲ್ಕು 811ಎಗೆ 1500 ವೋಲ್ಟ್, 400 ಮಿಲಿಆಂಪಿಯರ್ ಅಂದರೆ 2200 ಓಮ್, ಬೇಕಾದ್ದು 30 ಪಿಕೋಫ್ಯಾರಡ್, ವಾಲ್ವ್‌ಗಳದ್ದು 22. ವೈರಿಂಗ್ ಗಿಡ್ಡ ಇಟ್ಟರೆ ಹೇಗೋ ಹಿಡಿಸುತ್ತದೆ. ವೋಲ್ಟೇಜ್ ಕಡಿಮೆ, ಕರೆಂಟ್ ಜಾಸ್ತಿ ಇರುವ ವಾಲ್ವ್‌ಗಳು ಮೇಲಿನ ಬ್ಯಾಂಡ್‌ನಲ್ಲಿ ಸುಲಭವಾಗಿ ಒಗ್ಗುವುದಕ್ಕೆ ಇದೇ ಕಾರಣ. 80, 40, 20 ಮೀಟರ್‌ನಲ್ಲೇ ಇರುತ್ತೇನೆ ಅನ್ನುವವರಿಗೆ 813ಗಿಂತ ನೆಮ್ಮದಿಯ ವಾಲ್ವ್ ನಾನು ಕಂಡಿಲ್ಲ.

3-500ಝಡ್ ಒಂದೇ ಹಾಕಿದರೆ ಮುಗೀತಲ್ಲ?

ಪವರ್ ಲೆಕ್ಕದಲ್ಲಿ ಮುಗಿಯಿತು. ಆದರೆ 2500 ವೋಲ್ಟ್ ಬೇಕು, ಫಿಲಮೆಂಟ್‌ಗೆ 5 ವೋಲ್ಟ್‌ನಲ್ಲಿ 14.5 ಆಂಪಿಯರ್ ಬೇಕು, ಕೆಳಗಿನಿಂದ ಬ್ಲೋವರ್ ಗಾಳಿ ಬೀಸಲೇಬೇಕು. ಅದನ್ನು ನೆಟ್ಟಗೆ ನಿಲ್ಲಿಸಬೇಕು, ಮಲಗಿಸಿ ನಡೆಸುವಂತಿಲ್ಲ. ಬೇಸ್ ಪಿನ್‌ಗಳ ಬಳಿಯ ಸೀಲ್ 200 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಗಾಳಿ ನಿಂತರೆ ಪಿನ್ನಿನ ಸೋಲ್ಡರ್ ಕರಗಿ ಫಿಲಮೆಂಟ್ ಸಂಪರ್ಕ ತಪ್ಪುತ್ತದೆ. ಪ್ಲೇಟ್ ಕೆಂಪಾಗುವುದು ಈ ವಾಲ್ವ್‌ನಲ್ಲಿ ಸಹಜ, ಗಾಬರಿ ಬೇಡ. 811ಎಯಲ್ಲಿ ಅಷ್ಟು ಕೆಂಪು ಕಂಡರೆ ತಕ್ಷಣ ಕೀ ಬಿಟ್ಟು ಪ್ರಸಾರ ನಿಲ್ಲಿಸಿ. ಶಿರಾ, ಪಾವಗಡದ ಬೇಸಿಗೆಯಲ್ಲಿ ಧೂಳು ಎಷ್ಟು ಅಂತ ಗೊತ್ತಿದ್ದವರು ಬ್ಲೋವರ್ ಬಾಯಿಗೆ ಸ್ಪಾಂಜ್ ಫಿಲ್ಟರ್ ಹಾಕಿ ತಿಂಗಳಿಗೊಮ್ಮೆ ತೊಳೆಯುತ್ತಾರೆ.

ರಷ್ಯನ್ ವಾಲ್ವ್‌ಗಳು?

ಜಿಯು-50 ನನಗೆ ಇಷ್ಟವಾದದ್ದು. ಜರ್ಮನಿಯ ಎಲ್‌ಎಸ್50 ಪೆಂಟೋಡ್‌ನ ಸೋವಿಯತ್ ರೂಪ ಇದು. ತಲೆಗೆ ಲೋಹದ ಟೊಪ್ಪಿ, ಎಳೆಯಲು ಹಿಡಿಕೆ. 12.6 ವೋಲ್ಟ್, ಮುಕ್ಕಾಲು ಆಂಪಿಯರ್ ಹೀಟರ್. 1000 ವೋಲ್ಟ್, 40 ವ್ಯಾಟ್ ಡಿಸಿಪೇಶನ್. ನಾಲ್ಕು ಸೇರಿಸಿದರೆ 240 ವ್ಯಾಟ್ ಆರಾಮವಾಗಿ ಬರುತ್ತದೆ, ಟ್ರಾನ್ಸ್‌ಫಾರ್ಮರ್ ಸುತ್ತಿಸುವುದೂ ಸುಲಭ. ಸಾಕೆಟ್ ಮಾತ್ರ ಅದಕ್ಕೇ ಮಾಡಿದ್ದು ಬೇಕು, ವಾಲ್ವ್ ಜೊತೆಗೇ ತರಿಸಿ.

ಜಿಯು-74ಬಿ 600 ವ್ಯಾಟ್‌ನ ಸೆರಾಮಿಕ್ ಟೆಟ್ರೋಡ್. ಹೀಟರ್ ಹಾಕಿ ಎರಡೂವರೆ ನಿಮಿಷ ಕಾದೇ ಹೈ ವೋಲ್ಟೇಜ್ ಕೊಡಬೇಕು. ಬ್ಲೋವರ್, ಸ್ಕ್ರೀನ್ ರೆಗ್ಯುಲೇಟರ್, ರಕ್ಷಣೆ ಎಲ್ಲ ಇದ್ದರೆ ಅದ್ಭುತ. ಒಂದು ಸಾವಿರ ವ್ಯಾಟ್ ತಡೆಯುವ ಜಿಯು-43ಬಿ ನಮ್ಮ 400 ವ್ಯಾಟ್‌ಗೆ ಅನಗತ್ಯ. ಅದರ ಹೀಟರ್ ಒಂದೇ 80 ವ್ಯಾಟ್ ಮೇಲೆ ತಿನ್ನುತ್ತದೆ.

ಹಳೇ ಟಿವಿಯ ಪಿಎಲ್519, ಇಎಲ್509 ಥರದ ವಾಲ್ವ್ ನಡೆಯುತ್ತಾ?

ನಡೆಯುತ್ತದೆ, ಹೆಚ್ಚು ದಿನ ಬಾಳುವುದಿಲ್ಲ. ಟಿವಿಯಲ್ಲಿ ಅವು ಕ್ಷಣಕ್ಷಣಕ್ಕೆ ಕರೆಂಟ್ ಎಳೆದು ಬಿಡುವ ಕೆಲಸಕ್ಕೆ ಮಾಡಿದವು. ಡಿಸಿಪೇಶನ್ 30ರಿಂದ 35 ವ್ಯಾಟ್. ಟ್ಯೂನ್ ಮಾಡುವಾಗ ಕೀ ಒತ್ತಿ ಐದು ಸೆಕೆಂಡ್‌ಗಿಂತ ಹೆಚ್ಚು ಹಿಡಿಯದ ಶಿಸ್ತು ಇದ್ದರೆ ಮಾತ್ರ. ಹೊಸದಾಗಿ ಕಟ್ಟುವವರಿಗೆ ನಾನು ಹೇಳುವುದಿಲ್ಲ.

ನಮ್ಮೂರಲ್ಲಿ ಕರೆಂಟ್ ಏರಿಳಿತ ಜಾಸ್ತಿ. ವಾಲ್ವ್‌ಗೆ ತೊಂದರೆಯಾ?

ತೊಂದರೆ ಹೈ ವೋಲ್ಟೇಜ್‌ಗಲ್ಲ, ಫಿಲಮೆಂಟ್‌ಗೆ. ಪೇಟೆಯಲ್ಲಿ ಕೂತು ಬರೆದ ಲೇಖನಗಳಲ್ಲಿ ಇದು ಸಿಗುವುದಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಥೋರಿಯಂ ಫಿಲಮೆಂಟ್ ಇರುವ 811ಎ, 572ಬಿ, 813, 3-500ಝಡ್ ಇವಕ್ಕೆಲ್ಲ ಫಿಲಮೆಂಟ್ ವೋಲ್ಟೇಜ್ ಹೇಳಿದ್ದಕ್ಕಿಂತ ಶೇಕಡಾ 5ರಷ್ಟು ಮಾತ್ರ ಆಚೀಚೆ ಹೋಗಬಹುದು. 5 ವೋಲ್ಟ್ ಅಂದರೆ 4.75ರಿಂದ 5.25. ಜಾಸ್ತಿಯಾದರೆ ಆಯಸ್ಸು ಬೇಗ ಕರಗುತ್ತದೆ, ತೀರಾ ಕಡಿಮೆಯಾದರೆ ಎಮಿಷನ್ ಬಿದ್ದು ಫಿಲಮೆಂಟ್ ಕೆಡುತ್ತದೆ. ಶಿರಾ ಕಡೆ ತೋಟದ ಮನೆಯ ಗೆಳೆಯರೊಬ್ಬರ ಶ್ಯಾಕ್‌ನಲ್ಲಿ (ರೇಡಿಯೋ ಕೋಣೆ) ಕೂತು ನೋಡಿದ್ದೇನೆ. ಪಂಪ್‌ಸೆಟ್‌ಗಳಿಗೆ ತ್ರೀ-ಫೇಸ್ ಬಿಟ್ಟ ಕೂಡಲೇ ಸುತ್ತಲಿನ ಬೋರ್‌ವೆಲ್ ಮೋಟಾರುಗಳೆಲ್ಲ ಒಟ್ಟಿಗೆ ಶುರುವಾದವು, ಗೋಡೆಯ ಮೇಲಿನ ಮೀಟರ್ 230ರಿಂದ 195ಕ್ಕೆ ಇಳಿಯಿತು. ಸಾಕೆಟ್ ಪಿನ್ನಿನಲ್ಲಿ ಅಳೆದರೆ 5.0 ಇದ್ದದ್ದು 4.2. ಫಿಲಮೆಂಟಿನ ಬಣ್ಣವೇ ಕಣ್ಣೆದುರಿಗೆ ಹಳದಿಯಿಂದ ಕಿತ್ತಳೆಗೆ ತಿರುಗಿತು. ನಡುರಾತ್ರಿ ಮೋಟಾರುಗಳೆಲ್ಲ ನಿಂತಾಗ ಅದೇ ಲೈನ್ 250 ತೋರಿಸಿತು, ಫಿಲಮೆಂಟ್ 5.4.

ಪರಿಹಾರ ದುಬಾರಿಯಲ್ಲ. ಫಿಲಮೆಂಟ್ ಟ್ರಾನ್ಸ್‌ಫಾರ್ಮರನ್ನು ಹೈ ವೋಲ್ಟೇಜ್ ಟ್ರಾನ್ಸ್‌ಫಾರ್ಮರ್‌ನಿಂದ ಬೇರೆ ಮಾಡಿ. ಅದು ತಿನ್ನುವುದು ನೂರು ವ್ಯಾಟ್ ಆಸುಪಾಸು. ಅದಕ್ಕೆ ಮಾತ್ರ ಒಂದು ಚಿಕ್ಕ ಸರ್ವೋ ಸ್ಟೆಬಿಲೈಜರ್ ಅಥವಾ ಸಿವಿಟಿ (ವೋಲ್ಟೇಜ್ ಒಂದೇ ಸಮ ಇಡುವ ಟ್ರಾನ್ಸ್‌ಫಾರ್ಮರ್) ಹಾಕಿ. ಸಿವಿಟಿಯ ಅಲೆ ಚೌಕಾಕಾರಕ್ಕೆ ಹತ್ತಿರ ಇರುವುದರಿಂದ ಟ್ರೂ ಆರ್‌ಎಂಎಸ್ ಮೀಟರಿನಲ್ಲೇ ಅಳೆಯಿರಿ, ಅದೂ ಟ್ರಾನ್ಸ್‌ಫಾರ್ಮರ್ ಬಳಿಯಲ್ಲ, ವಾಲ್ವ್ ಪಿನ್ನಿನ ಬಳಿ, ಹೈ ವೋಲ್ಟೇಜ್ ಪೂರ್ತಿ ಆರಿಸಿಟ್ಟು. ಹೈ ವೋಲ್ಟೇಜ್ 1500 ಇದ್ದದ್ದು 1300 ಆದರೆ ಔಟ್‌ಪುಟ್ ಸ್ವಲ್ಪ ಇಳಿಯುತ್ತದೆ, ಅಷ್ಟೇ. ವಾಲ್ವ್‌ಗೆ ಏನೂ ಆಗುವುದಿಲ್ಲ. ಕೈಯಲ್ಲಿ ತಿರುಗಿಸುವ ಡಿಮ್ಮರ್‌ಸ್ಟ್ಯಾಟ್ ಇದ್ದರೆ ಅದೂ ಆಗಬಹುದು, ಆದರೆ ಮೀಟರ್ ಮೇಲೆ ಕಣ್ಣಿರಲಿ.

ಕರೆಂಟ್ ತೀರಾ ಆಡುವ ಊರಿನವರು ಪರೋಕ್ಷ ಹೀಟರ್ ಇರುವ ಜಿಯು-50, 6146ಬಿ ಕಡೆ ಹೋಗುವುದೂ ಒಂದು ದಾರಿ. ಅವೂ ಮಿತಿ ಮೀರುವಂತಿಲ್ಲ, ಆದರೆ ಬೇಕಾದ ಹೀಟರ್ ಪವರ್ ಚಿಕ್ಕದು. ನಾಲ್ಕು ಜಿಯು-50ಗೆ 40 ವ್ಯಾಟ್ ಸಾಕು. ಒಂದು ಬ್ಯಾಟರಿ, ಒಂದು ರೆಗ್ಯುಲೇಟರ್‌ನಲ್ಲೂ ನಡೆಸಬಹುದು.

ಟ್ರಾನ್ಸ್‌ಫಾರ್ಮರ್ ಎಲ್ಲಿ ಸುತ್ತಿಸೋದು? ಮೈಕ್ರೋವೇವ್ ಓವನ್‌ದು ಆಗುತ್ತಾ?

ಮೋಟಾರ್ ರಿವೈಂಡಿಂಗ್ ಅಂಗಡಿ ಇಲ್ಲದ ಊರು ನಮ್ಮ ಜಿಲ್ಲೆಯಲ್ಲಿ ಸಿಗುವುದು ಕಷ್ಟ, ಆದರೆ ಮೋಟಾರ್ ಕಟ್ಟುವವರೆಲ್ಲ ಹೈ ವೋಲ್ಟೇಜ್ ಸುತ್ತುವುದಿಲ್ಲ. ಸ್ಟೆಬಿಲೈಜರ್, ಇನ್ವರ್ಟರ್ ಟ್ರಾನ್ಸ್‌ಫಾರ್ಮರ್ ಸುತ್ತುವವರನ್ನು ಹಿಡಿಯಿರಿ. 1500 ವೋಲ್ಟ್ ಡಿಸಿಗೆ ಸೆಕೆಂಡರಿ 1100 ವೋಲ್ಟ್ ಎಸಿ, ಸುಮಾರು 800 ವಿಎ. ಪ್ರತಿ ಪದರಕ್ಕೂ ಇನ್ಸುಲೇಶನ್ ಪೇಪರ್, ಪ್ರೈಮರಿ-ಸೆಕೆಂಡರಿ ನಡುವೆ ದಪ್ಪ ಪದರ, ಕೊನೆಗೆ ವಾರ್ನಿಶ್ ಅದ್ದಿ ಒಣಗಿಸುವುದು: ಇಷ್ಟನ್ನೂ ಬಾಯಿಮಾತಲ್ಲಿ ಬಿಡದೆ ಚೀಟಿಯಲ್ಲಿ ಬರೆದುಕೊಡಿ. ಪ್ರೈಮರಿಗೆ 200, 215, 230, 245ಕ್ಕೆ ಟ್ಯಾಪ್ ಹೇಳಿ. ನಾಲ್ಕು ತಂತಿ ಹೊರಗೆ ತರುವ ಖರ್ಚು ಏನೇನೂ ಅಲ್ಲ.

ಮೈಕ್ರೋವೇವ್ ಟ್ರಾನ್ಸ್‌ಫಾರ್ಮರ್ ಬೇಡ ಅಂತಲೇ ನನ್ನ ಸಲಹೆ. ಸೆಕೆಂಡರಿಯ ಒಂದು ತುದಿ ಕೋರ್‌ಗೇ ಬೆಸೆದಿರುತ್ತದೆ, ಹಾಗಾಗಿ ಬ್ರಿಡ್ಜ್ ರೆಕ್ಟಿಫೈಯರ್ ಹಾಕಲಾಗದು. ಕಬ್ಬಿಣ ಕಡಿಮೆ ಹಾಕಿ ಮಾಡಿದ್ದರಿಂದ ಲೋಡ್ ಇಲ್ಲದಿದ್ದರೂ ಬಿಸಿಯಾಗುತ್ತದೆ. ಅದರ ಹೊಡೆತಕ್ಕೆ ಸಿಕ್ಕವರು ಬದುಕುವುದು ಅಪರೂಪ.

ಬೇರೆ ಸಾಮಾನುಗಳು ಹಳೇ ರೇಡಿಯೋದಿಂದ ತೆಗೆಯಬಹುದಾ?

ಗ್ಯಾಂಗ್ ಕಂಡೆನ್ಸರ್ (ಸ್ಟೇಷನ್ ಹಿಡಿಯಲು ತಿರುಗಿಸುವುದು) ಆಂಟೆನಾ ಕಡೆಯ ಲೋಡ್ ಕಂಡೆನ್ಸರ್ ಆಗಿ ನಡೆಯುತ್ತದೆ; 50 ಓಮ್‌ನಲ್ಲಿ 400 ವ್ಯಾಟ್‌ಗೆ 200 ವೋಲ್ಟ್ ಪೀಕ್ ಮಾತ್ರ. ಪ್ಲೇಟ್ ಕಡೆ ಹಾಕಿದರೆ ಕಿಡಿ ಹಾರುತ್ತದೆ, ಅಲ್ಲಿ ಅಗಲ ಅಂತರದ್ದೇ ಬೇಕು.

ಎಸ್‌ಪಿ ರೋಡ್‌ನಲ್ಲೋ ಗುಜರಿಯಲ್ಲೋ ಹಳೇ ವಾಲ್ವ್ ಕೊಳ್ಳುವಾಗ ಏನು ನೋಡಬೇಕು?

ಬೆಂಗಳೂರು ಒಂದೂವರೆ ಗಂಟೆ ದಾರಿ, ಹೋಗಿ ಕೈಯಲ್ಲಿ ಹಿಡಿದು ನೋಡಿಯೇ ಕೊಳ್ಳಿ. ಜಾಲಹಳ್ಳಿಯ ಬಿಇಎಲ್ ಒಂದು ಕಾಲದಲ್ಲಿ ವಾಲ್ವ್ ತಯಾರಿಸುತ್ತಿತ್ತು, ಆ ಮುದ್ರೆ ಇರುವವು ಈಗಲೂ ಸಿಗುತ್ತವೆ.

ಮಲ್ಟಿಮೀಟರ್ ಒಯ್ಯಿರಿ. ಫಿಲಮೆಂಟ್ ತುಂಡಾಗಿರಬಾರದು, ಉಳಿದ ಯಾವ ಪಿನ್ನಿಗೂ ಶಾರ್ಟ್ ಇರಬಾರದು. ಮೆಲ್ಲಗೆ ಓರೆ ಮಾಡಿದರೆ ಒಳಗೆ ಸದ್ದಾಗಬಾರದು. 807, 6146, ಟಿವಿ ವಾಲ್ವ್‌ಗಳಲ್ಲಿ ಗಾಜಿನ ಒಳಗೆ ಬೆಳ್ಳಿಯಂತೆ ಹೊಳೆಯುವ ಗೆಟ್ಟರ್ ಇರುತ್ತದೆ. ಅದು ಹಾಲಿನಂತೆ ಬಿಳಿಯಾಗಿದ್ದರೆ ಗಾಳಿ ಹೊಕ್ಕಿದೆ, ಬಿಟ್ಟುಬಿಡಿ. 3-500ಝಡ್‌ನಲ್ಲಿ ಈ ಬೆಳ್ಳಿ ಇರುವುದೇ ಇಲ್ಲ, ಇಲ್ಲದ್ದು ದೋಷವಲ್ಲ. ಬಹಳ ವರ್ಷ ಪೆಟ್ಟಿಗೆಯಲ್ಲಿದ್ದ ದೊಡ್ಡ ವಾಲ್ವ್ ತಂದ ದಿನವೇ ಹೈ ವೋಲ್ಟೇಜ್ ಕೊಡಬೇಡಿ. ಬರೀ ಫಿಲಮೆಂಟ್ ಕೆಲವು ಗಂಟೆ ಉರಿಸಿ, ಆಮೇಲೆ ಕಡಿಮೆ ವೋಲ್ಟ್‌ನಿಂದ ಮೆಲ್ಲಗೆ ಏರಿಸಿ. ಪ್ಲೇಟ್ ಲೈನ್‌ನಲ್ಲಿ 10 ಓಮ್, 25 ವ್ಯಾಟ್ ವೈರ್‌ವೂಂಡ್ ರೆಸಿಸ್ಟರ್ ಇದ್ದರೆ ಒಳಗೆ ಕಿಡಿ ಹಾರಿದರೂ ಉಳಿದದ್ದು ಉಳಿಯುತ್ತದೆ.

ಜೋಡಿ ಹಾಕುವುದಾದರೆ ಒಂದೇ ತಯಾರಕರದ್ದು ತೆಗೆದುಕೊಳ್ಳಿ. ಒಂದೊಂದನ್ನೇ ಹಾಕಿ ಸುಮ್ಮನಿರುವಾಗಿನ ಪ್ಲೇಟ್ ಕರೆಂಟ್ ನೋಡಿ, ಹತ್ತಿರ ಹತ್ತಿರ ಇದ್ದರೆ ಸಾಕು.

144 ಮೆಗಾಹರ್ಟ್ಸ್‌ಗೂ ಇದೇ ವಾಲ್ವ್ ಆಗುತ್ತಾ?

ಇಲ್ಲ. 811ಎ, 813 ಇವುಗಳ ಪೂರ್ಣ ರೇಟಿಂಗ್ 30 ಮೆಗಾಹರ್ಟ್ಸ್‌ವರೆಗೆ ಮಾತ್ರ. ಎರಡು ಮೀಟರ್‌ಗೆ ಕ್ಯುಕ್ಯುಇ06/40 ಅಥವಾ 4ಸಿಎಕ್ಸ್250ಬಿ ಹಳೆಯ ದಾರಿ. ಎರಡನೆಯದರ ಹೀಟರ್ 6.0 ವೋಲ್ಟ್, 6.3 ಅಲ್ಲ. ಆದರೆ ದೇವರಾಯನದುರ್ಗದಂಥ ಎತ್ತರಕ್ಕೆ ಹೋಗಿ ಒಳ್ಳೆ ಯಾಗಿ ಆಂಟೆನಾ ಹಿಡಿದರೆ ಕೈಲಿರುವ ಪವರ್ರೇ ದೂರ ಹೋಗುತ್ತದೆ.

ಹೈ ವೋಲ್ಟೇಜ್ ಅಂದರೆ ಭಯ. ಏನು ಎಚ್ಚರ?

ಭಯ ಇರಲಿ, ಇರಬೇಕು. 450 ವೋಲ್ಟ್, 220 ಮೈಕ್ರೋಫ್ಯಾರಡ್ ಕಂಡೆನ್ಸರ್ ಐದನ್ನು ಸೀರೀಸ್ ಮಾಡಿ 1500 ವೋಲ್ಟ್ ತುಂಬಿದರೆ ಸುಮಾರು 50 ಜೌಲ್ ಕೂತಿರುತ್ತದೆ. ಪ್ರಾಣ ತೆಗೆಯಲು ಅದು ಸಾಕು. ಒಂದೊಂದಕ್ಕೂ 100 ಕಿಲೋಓಮ್ ಬ್ಲೀಡರ್ (ಚಾರ್ಜ್ ಇಳಿಸುವ ರೆಸಿಸ್ಟರ್) ಹಾಕಿದರೂ ಸ್ವಿಚ್ ಆರಿಸಿ 50 ವೋಲ್ಟ್‌ಗೆ ಇಳಿಯಲು ಒಂದೂಕಾಲು ನಿಮಿಷ ಬೇಕು. ಬ್ಲೀಡರ್ ಒಂದು ಓಪನ್ ಆಗಿದ್ದರೆ ಎಷ್ಟೋ ಹೊತ್ತು ಹಾಗೇ ಉಳಿಯುತ್ತದೆ. ಆದ್ದರಿಂದ ಪ್ಲಗ್ ಕಿತ್ತು, ಎರಡು ನಿಮಿಷ ಕಾದು, ಮೀಟರ್ ನೋಡಿ, ಉದ್ದ ಪಿವಿಸಿ ಪೈಪಿನ ತುದಿಗೆ ತಾಮ್ರದ ಕೊಕ್ಕೆ ಕಟ್ಟಿ ಚಾಸಿಗೆ ತಂತಿ ಎಳೆದ ಶಾರ್ಟಿಂಗ್ ಕೋಲಿನಿಂದ ಮುಟ್ಟಿಸಿ, ಕೋಲನ್ನು ಅಲ್ಲೇ ನೇತುಹಾಕಿ, ಆಮೇಲೆ ಕೈ ಹಾಕಿ. ಮುಚ್ಚಳ ತೆಗೆದರೆ ಕರೆಂಟ್ ಹೋಗುವಂಥ ಸ್ವಿಚ್ ಕಡ್ಡಾಯ.

ಅರ್ಥಿಂಗ್ ಸರಿಯಿರಲಿ. ನಮ್ಮ ಕೆಂಪು ಮಣ್ಣು ಬೇಸಿಗೆಯಲ್ಲಿ ಪೂರ್ತಿ ಒಣಗುತ್ತದೆ. ಇದ್ದಿಲು, ಉಪ್ಪು ಹಾಕಿದ ಗುಂಡಿಗೂ ನೀರು ಹೊಯ್ಯುತ್ತಿರಬೇಕು. ಆಂಪ್ಲಿಫೈಯರ್ ಪೂರ್ತಿ ಓಡುವಾಗ ಲೈನ್‌ನಿಂದ ನಾಲ್ಕೈದು ಆಂಪಿಯರ್ ಎಳೆಯುತ್ತದೆ, 16 ಆಂಪಿಯರ್ ಸಾಕೆಟ್‌ಗೆ ಬೇರೆ ವೈರ್ ಎಳೆಸಿ. ಮನೆಯ ಯುಪಿಎಸ್ ಲೈನ್‌ಗೆ ಸಿಕ್ಕಿಸಬೇಡಿ. ಮೊದಲ ಸಲ ಹೈ ವೋಲ್ಟೇಜ್ ಕೊಡುವ ದಿನ ಒಬ್ಬರೇ ಇರಬೇಡಿ. ಮೇನ್ ಸ್ವಿಚ್ ಎಲ್ಲಿದೆ ಅಂತ ಗೊತ್ತಿರುವ ಒಬ್ಬರು ಪಕ್ಕದಲ್ಲಿರಲಿ.

ಎಷ್ಟು ಸ್ಪೇರ್ ಇಟ್ಟುಕೊಳ್ಳಬೇಕು?

ಆಂಪ್ಲಿಫೈಯರ್‌ನಲ್ಲಿ ಇರುವಷ್ಟೇ ಇನ್ನೊಂದು ಜೊತೆ, ಮತ್ತೆ ಒಂದು ಸಾಕೆಟ್. ಸ್ಪೇರ್ ಕೂಡ ಆರು ತಿಂಗಳಿಗೊಮ್ಮೆ ಸಾಕೆಟ್‌ಗೆ ಹಾಕಿ ಒಂದೆರಡು ಗಂಟೆ ಫಿಲಮೆಂಟ್ ಉರಿಸಿ, ಸ್ವಲ್ಪ ಹೊತ್ತು ಮಾತಾಡಿ, ಡಬ್ಬಿಯ ಮೇಲೆ ತಾರೀಖು ಮತ್ತು ಪ್ಲೇಟ್ ಕರೆಂಟ್ ಬರೆದು ಎತ್ತಿಡಿ.